ಪೈಥಾನ್ ಡಾಕ್ಸ್ ಬಿಟ್ಟಿ ಸಿಗುತ್ತೆ ನಿಜ, ಸುಮ್ನೆ ಬರಲ್ಲ: ಬೆಂಗಳೂರಿನ ಇಂಜಿನಿಯರಿಂಗ್ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಗೆ,
ಇಂಜಿನಿಯರಿಂಗ್ ಮುಖ್ಯಸ್ಥರು,
ಬೆಂಗಳೂರಿನ ಎಲ್ಲ ಸಾಫ್ಟ್‌ವೇರ್ ಕಂಪನಿಗಳು

ಮಾನ್ಯರೇ,

ನಿಮ್ಮಲ್ಲಿ ಕೆಲವರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ಇನ್ನು ಕೆಲವರನ್ನು ಮೀಟಪ್‌ಗಳಲ್ಲಿ ನೋಡಿ ಮಾತಾಡಿಸಿದ್ದೇನೆ. ಹೊಟ್ಟೆಪಾಡಿಗೆ ನಾನೊಬ್ಬ ಬ್ಯಾಕೆಂಡ್ ಇಂಜಿನಿಯರ್. ಉಳಿದ ಹೊತ್ತಿನಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಡಾಕ್ಯುಮೆಂಟೇಶನ್, ಅಂದ್ರೆ ಅದನ್ನು ಬಳಸೋದು ಹೇಗೆ ಅಂತ ವಿವರಿಸುವ ಅಧಿಕೃತ ಕೈಪಿಡಿ (ನಮ್ಮ ಬಾಯಲ್ಲಿ ಡಾಕ್ಸ್) ತಿದ್ದುತ್ತೇನೆ, ಬೇರೆಯವರು ತಿದ್ದಿ ಕಳಿಸಿದ್ದನ್ನು ಓದಿ ಸರಿಯೋ ತಪ್ಪೋ ಹೇಳುತ್ತೇನೆ. ಅದಕ್ಕೆ ಸಂಬಳ ಇಲ್ಲ. ಮಾಡು ಅಂತ ಯಾರೂ ಹೇಳಿಲ್ಲ, ನಾನೇ ಇಷ್ಟಪಟ್ಟು ಮಾಡುತ್ತಿರುವುದು. ಹಾಗಾಗಿ ನನ್ನ ಕಷ್ಟ ಹೇಳಿಕೊಳ್ಳೋಕೆ ಈ ಪತ್ರ ಬರೆಯುತ್ತಿಲ್ಲ. ನಿಮ್ಮ ಕಂಪನಿಗಳು ಮಾಡುತ್ತಿರುವ ಎರಡು ಕೆಲಸಗಳಿಂದ ಈ ಡಾಕ್ಸ್‌ಗೆ ತೊಂದರೆ ಆಗುತ್ತಿದೆ, ಅದನ್ನು ನಿಮಗೆ ನೇರವಾಗಿ ಹೇಳಬೇಕು ಅನ್ನಿಸಿತು.

ಮೊದಲು ಈ ಡಾಕ್ಸ್ ಅನ್ನೋದು ಏನು ಅಂತ ಒಂದೆರಡು ಮಾತು, ಯಾಕಂದ್ರೆ ಮೇಲಿನ ಹುದ್ದೆಗೆ ಹೋದಮೇಲೆ ಅದನ್ನು ತೆರೆದು ಓದೋದು ಕಡಿಮೆ ಆಗಿರುತ್ತೆ. ಪೈಥಾನ್ ಮೊದಲು ಹೊರಬಂದದ್ದು 1991ರಲ್ಲಿ. ಅದರ ಕೈಪಿಡಿ ಬಹಳ ವರ್ಷ ಲೇಟೆಕ್ ಅನ್ನೋ ಕ್ಲಿಷ್ಟವಾದ ಪುಟ ಜೋಡಣೆ ವ್ಯವಸ್ಥೆಯ ಫೈಲುಗಳಲ್ಲಿತ್ತು. ತಿದ್ದಬೇಕು ಅಂದ್ರೆ ಲೇಟೆಕ್ ಗೊತ್ತಿರಬೇಕಿತ್ತು. 2007ರಲ್ಲಿ ಪೈಥಾನ್ ಡೆವಲಪರ್ ಗೇಯಾರ್ಗ್ ಬ್ರಾಂಡ್ಲ್ ಅದನ್ನೆಲ್ಲ ಸರಳವಾದ ಪಠ್ಯ ಫೈಲುಗಳಿಗೆ ಬದಲಿಸಿದರು. ಆ ಕೆಲಸಕ್ಕೆ ಅಂತ ಕಟ್ಟಿದ ಸಾಧನವೇ ಸ್ಫಿಂಕ್ಸ್, 2008ರಲ್ಲಿ ಎಲ್ಲರಿಗೂ ಸಿಕ್ಕಿತು. ಇವತ್ತು ನಿಮ್ಮ ಕಂಪನಿಯ ಒಳಗಿನ ಎಷ್ಟೋ ಪ್ರಾಜೆಕ್ಟ್‌ಗಳ ಡಾಕ್ಸ್ ಕೂಡ ಅದರಲ್ಲೇ ತಯಾರಾಗುತ್ತಿರಬಹುದು, ಬೇಕಾದರೆ ಪುಟದ ಕೆಳಗಿನ ಸಣ್ಣ ಅಕ್ಷರ ನೋಡಿ. ಅಂದ್ರೆ ಒಂದು ಭಾಷೆಯ ಡಾಕ್ಸ್ ಚೆನ್ನಾಗಿರಲಿ ಅಂತ ಒಬ್ಬರು ಪಟ್ಟ ಶ್ರಮ ನಿಮ್ಮ ಆಫೀಸಿನ ತನಕ ಬಂದಿದೆ.

ಬರೆದಿಟ್ಟರೆ ಮುಗಿಯಿತು ಅನ್ನುವ ಹಾಗಿಲ್ಲ ಇದು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಪೈಥಾನಿನ ಹೊಸ ಆವೃತ್ತಿ ಬರುತ್ತದೆ. 2023ರಲ್ಲಿ ಬಂದ 3.12ರಲ್ಲಿ ಡಿಸ್ಟ್‌ಯುಟಿಲ್ಸ್ ಅನ್ನೋ ಮಾಡ್ಯೂಲ್ (ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಕಟ್ಟು) ತೆಗೆದರು. 2024ರ 3.13ರಲ್ಲಿ ಸಿಜಿಐ, ಟೆಲ್ನೆಟ್‌ಲಿಬ್ ಸೇರಿ 19 ಹಳೇ ಮಾಡ್ಯೂಲ್‌ಗಳು ಒಟ್ಟಿಗೆ ಹೋದವು. ಒಂದು ಮಾಡ್ಯೂಲ್ ತೆಗೆದರೆ ಅದರ ಪುಟ ಮಾತ್ರ ಹೋಗೋದಿಲ್ಲ. ಬೇರೆ ಪುಟಗಳಲ್ಲಿ ಅದರ ಕಡೆ ಕೈ ತೋರಿಸುವ ಸಾಲುಗಳಿರುತ್ತವೆ, ಟ್ಯುಟೋರಿಯಲ್‌ನಲ್ಲಿ ಉದಾಹರಣೆ ಇರುತ್ತೆ, ಅದರ ಬದಲು ಏನು ಬಳಸಬೇಕು ಅಂತ ಎಲ್ಲೋ ಬರೆಯಬೇಕಾಗುತ್ತೆ. ಒಂದೊಂದು ಫಂಕ್ಷನ್ ಕೆಳಗೂ "ಈ ಆವೃತ್ತಿಯಲ್ಲಿ ಸೇರಿಸಿದ್ದು", "ಈ ಆವೃತ್ತಿಯಲ್ಲಿ ಬದಲಾಗಿದ್ದು" ಅಂತ ಸಾಲುಗಳಿರುತ್ತವಲ್ಲ, ಅವನ್ನೆಲ್ಲ ಮನುಷ್ಯರೇ ಕೂತು ಹಾಕುತ್ತಾರೆ. ಜಾಸ್ತಿ ಪಾಲು ರಾತ್ರಿ ಊಟ ಆದಮೇಲೆ ಅಥವಾ ಭಾನುವಾರ.

ಈಗ ಒಂದು ಉದಾಹರಣೆ ಹತ್ತಿರದಿಂದ ನೋಡಿ. ಡೇಟ್‌ಟೈಮ್ ಮಾಡ್ಯೂಲ್‌ನಲ್ಲಿ ಯುಟಿಸಿನೌ ಅಂತ ಒಂದು ಫಂಕ್ಷನ್ ಇದೆ. ಹೆಸರು ನೋಡಿದರೆ ಈ ಕ್ಷಣದ ಯುಟಿಸಿ ಸಮಯ (ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ ಜಾಗತಿಕ ಸಮಯ, ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ) ಕೊಡುತ್ತೆ ಅನ್ನಿಸುತ್ತೆ, ಕೊಡುತ್ತದೆ ಕೂಡ. ಆದರೆ ಅದು ಕೊಡುವ ಸಮಯದ ಮೇಲೆ "ಇದು ಯುಟಿಸಿ" ಅನ್ನೋ ಗುರುತು ಇರಲ್ಲ. ಗುರುತು ಇಲ್ಲದ ಸಮಯವನ್ನು ಪೈಥಾನಿನ ಎಷ್ಟೋ ಮೆಥಡ್‌ಗಳು ಆ ಕಂಪ್ಯೂಟರಿನ ಊರಿನ ಸಮಯ ಅಂತಲೇ ತಿಳಿದುಕೊಳ್ಳುತ್ತವೆ. ಹಾಗಾಗಿ ಬೆಂಗಳೂರಿನ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಟೈಮ್‌ಸ್ಟ್ಯಾಂಪ್ ಆಗಿ (ಸಮಯವನ್ನು ಸೆಕೆಂಡುಗಳ ಒಂದೇ ಸಂಖ್ಯೆಯಾಗಿ) ಬದಲಿಸಿದರೆ ಲೆಕ್ಕ ಐದೂವರೆ ಗಂಟೆ ಹಿಂದಕ್ಕೆ ಹೋಗುತ್ತದೆ. ಅದೇ ಕೋಡನ್ನು ಯುಟಿಸಿ ಇಟ್ಟಿರುವ ಸರ್ವರ್ ಮೇಲೆ ಓಡಿಸಿದರೆ ಲೆಕ್ಕ ಸರಿ. ನಿಮ್ಮ ಹುಡುಗ ನಿಮ್ಮ ಮುಂದೆ ಬಂದು "ಸರ್, ನನ್ನ ಮಷೀನಲ್ಲಿ ಮಾತ್ರ ತಪ್ಪು ಬರ್ತಿದೆ" ಅಂದಾಗ ನೀವು ನಂಬಿರಲಿಕ್ಕಿಲ್ಲ, ಆದರೆ ಅವನು ಹೇಳಿದ್ದು ನಿಜ.

ಲಂಡನ್‌ನಲ್ಲಿ ಕೂತು ಕೋಡ್ ಬರೆಯುವವರಿಗೆ ಚಳಿಗಾಲದಲ್ಲಿ ಈ ತೊಂದರೆ ಕಾಣುವುದೇ ಇಲ್ಲ. ನಮಗೆ ವರ್ಷದ ಎಲ್ಲ ದಿನವೂ ಕಾಣುತ್ತದೆ. ಡಾಕ್ಸ್‌ನಲ್ಲಿ ಇದರ ಬಗ್ಗೆ ಎಚ್ಚರಿಕೆಯ ಸಾಲುಗಳಿವೆ, 3.12ರಿಂದ ಆ ಫಂಕ್ಷನ್ ಬಳಸಬೇಡಿ ಅಂತಲೇ ಹೇಳಿದೆ. ನಾನು ಹೇಳೋದು ಇಷ್ಟು: ಯಾವುದು ಎಲ್ಲಿ ಕೈ ಕೊಡುತ್ತೆ ಅನ್ನೋದು ಏಟು ತಿಂದವರಿಗೆ ಗೊತ್ತು. ಔಟರ್ ರಿಂಗ್ ರೋಡಿನ ಒಂದೇ ಒಂದು ಟೆಕ್ ಪಾರ್ಕಿನಲ್ಲಿ ಇಂಥ ಏಟು ತಿಂದವರು ಎಷ್ಟು ಜನ ಇದ್ದಾರೆ, ಲೆಕ್ಕ ಹಾಕಿ. ಅವರಿಗೆ ಗೊತ್ತಿರುವುದು ಡಾಕ್ಸ್ ತನಕ ಯಾಕೆ ಬರುತ್ತಿಲ್ಲ?

ಇಲ್ಲಿಂದ ನನ್ನ ದೂರು ಶುರು.

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ, ಹೆಸರು ಬೇಡ, ಒಳಗಿನ ವಿಕಿಯಲ್ಲಿ ಒಂದು ಪುಟ ಇತ್ತು. ಪೈಥಾನಿನಲ್ಲಿ ಎಡವಿ ಬೀಳುವ ಜಾಗಗಳ ಪಟ್ಟಿ. ಯಾರು ಶುರು ಮಾಡಿದರೋ ಗೊತ್ತಿಲ್ಲ, ಆದರೆ ಬಹಳ ಚೆನ್ನಾಗಿ ಬರೆದಿದ್ದರು. ಅಧಿಕೃತ ಡಾಕ್ಸ್‌ನಿಂದ ಒಂದು ಪ್ಯಾರಾ ನಕಲು ಮಾಡಿ, ಅದರ ಕೆಳಗೆ "ಇದು ಅರ್ಥ ಆಗಲ್ಲ, ನಿಜವಾಗಿ ಆಗೋದು ಹೀಗೆ" ಅಂತ ವಿವರಣೆ. ಪಠ್ಯದ ಎಡತುದಿಯ ಅಕ್ಷರ ತೆಗೆಯುವ ಎಲ್‌ಸ್ಟ್ರಿಪ್ ಬಗ್ಗೆ ಅಲ್ಲಿದ್ದ ಉದಾಹರಣೆ ನನಗೆ ಇವತ್ತಿಗೂ ನೆನಪಿದೆ. "ಬಿಎಂಟಿಸಿ_ಬಿಟಿಎಂ_ಲೇಔಟ್" ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು. ಅದರ ಮುಂದಿನ "ಬಿಎಂಟಿಸಿ_" ತೆಗೆಯಬೇಕು. ಹೊಸಬರು ಎಲ್‌ಸ್ಟ್ರಿಪ್‌ಗೆ "ಬಿಎಂಟಿಸಿ_" ಅಂತ ಕೊಡುತ್ತಾರೆ, "ಬಿಟಿಎಂ_ಲೇಔಟ್" ಬರುತ್ತೆ ಅಂದುಕೊಳ್ಳುತ್ತಾರೆ. ಬರೋದು ಬರೀ "ಲೇಔಟ್". ಯಾಕಂದ್ರೆ ಎಲ್‌ಸ್ಟ್ರಿಪ್ ಆ ಪದವನ್ನು ಹುಡುಕೋದಿಲ್ಲ. ಬಿ, ಎಂ, ಟಿ, ಸಿ, ಅಡಿಗೆರೆ, ಈ ಐದರಲ್ಲಿ ಯಾವುದು ಎಡಗಡೆ ಸಿಕ್ಕರೂ ತೆಗೆಯುತ್ತಾ ಹೋಗುತ್ತೆ, ಬೇರೆ ಅಕ್ಷರ ಸಿಗುವ ತನಕ. ಬಿಟಿಎಂನ ಮೂರೂ ಅಕ್ಷರ ಬಿಎಂಟಿಸಿಯಲ್ಲೇ ಇವೆಯಲ್ಲ, ಅವೂ ಹೋದವು. ಬಿಟಿಎಂನಲ್ಲಿ ಇರುವವರು ಬರೆದಿರಬೇಕು ಆ ಪುಟ!

ಈ ಗೊಂದಲ ಜಗತ್ತಿನಲ್ಲೆಲ್ಲ ಇತ್ತು. ಎಷ್ಟು ಜನ ಇದನ್ನೇ ದೋಷ ಅಂತ ವರದಿ ಮಾಡಿದರು ಅಂದ್ರೆ, ಕೊನೆಗೆ 2020ರಲ್ಲಿ 3.9 ಬಂದಾಗ ಈ ಕೆಲಸಕ್ಕೆ ಅಂತಲೇ ರಿಮೂವ್‌ಪ್ರಿಫಿಕ್ಸ್ ಅನ್ನೋ ಮೆಥಡ್ ಸೇರಿಸಿದರು. ಈಗ ಎಲ್‌ಸ್ಟ್ರಿಪ್ ಪುಟದಲ್ಲಿ ಆ ಕಡೆ ಕೈ ತೋರಿಸುವ ಸಾಲು, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುವ ಉದಾಹರಣೆ ಎಲ್ಲ ಇದೆ. ನಮ್ಮ ವಿಕಿ ಪುಟ ಅದಕ್ಕೂ ಮೊದಲಿನದು. ನಮ್ಮವರಿಗೆ ಗೊತ್ತಿತ್ತು, ಬರೆದೂ ಇಟ್ಟಿದ್ದರು, ಆದರೆ ಆಫೀಸಿನ ಬಾಗಿಲು ದಾಟಲಿಲ್ಲ.

ಯಾಕೆ ದಾಟಲಿಲ್ಲ ಅಂತ ಕೇಳಿದರೆ ಮನಸ್ಸಿಲ್ಲ ಅಂತಲ್ಲ. ಅದೇ ಕಂಪನಿಯಲ್ಲಿ ನನ್ನ ಸಹೋದ್ಯೋಗಿಯೊಬ್ಬರು ಪ್ರಯತ್ನ ಮಾಡಿದ್ದನ್ನು ನಾನೇ ನೋಡಿದ್ದೇನೆ. ಒಂದು ಪುಟದಲ್ಲಿ ಎರಡು ಸಾಲು ಬದಲಿಸಬೇಕಿತ್ತು, ಅಷ್ಟೇ. ಪೈಥಾನ್ ಪ್ರಾಜೆಕ್ಟಿಗೆ ಏನೇ ಕಳಿಸಿದರೂ ಮೊದಲ ಸಲ ಒಂದು ಕೊಡುಗೆ ಒಪ್ಪಂದಕ್ಕೆ ಸಹಿ ಹಾಕಬೇಕು. ಅವರು ಪ್ರಾಮಾಣಿಕರು, ಮ್ಯಾನೇಜರ್‌ಗೆ ಕೇಳಿದರು. ಮ್ಯಾನೇಜರ್ ಲೀಗಲ್ ಟೀಮಿಗೆ ಟಿಕೆಟ್ ಹಾಕಿ ಅಂದರು. ಲೀಗಲ್ ಟೀಮ್ "ಬಿಸಿನೆಸ್ ಕಾರಣ ಏನು" ಅಂತ ಕೇಳಿತು. ಡಾಕ್ಸ್‌ನಲ್ಲಿ ಎರಡು ಸಾಲು ತಪ್ಪಿದೆ ಅನ್ನೋದಕ್ಕೆ ಬಿಸಿನೆಸ್ ಕಾರಣ ಏನು ಬರೀತೀರಿ ಹೇಳಿ? ಟಿಕೆಟ್ ಒಬ್ಬರಿಂದ ಒಬ್ಬರಿಗೆ ಓಡಾಡಿತು, ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದೆಲ್ಲ ಕಂಪನಿ ಆಸ್ತಿ ಅಂತ ಒಂದು ಇಮೇಲ್ ಬಂತು, ಆಮೇಲೆ ಟಿಕೆಟ್ ತಾನಾಗಿ ಮುಚ್ಚಿಹೋಯಿತು. ಅಷ್ಟರಲ್ಲಿ ಆ ಸಾಲುಗಳನ್ನು ಬೇರೆ ಯಾವುದೋ ದೇಶದವರು ಸರಿ ಮಾಡಿದ್ದರು. ನನ್ನ ಸಹೋದ್ಯೋಗಿ ಮತ್ತೆ ಆ ಸುದ್ದಿಗೇ ಹೋಗಲಿಲ್ಲ.

ನಿಮ್ಮ ಲೀಗಲ್ ಟೀಮಿಗೆ ಆ ಒಪ್ಪಂದವನ್ನು ಒಮ್ಮೆ ಓದೋಕೆ ಹೇಳಿ, ದಯವಿಟ್ಟು. ಬರೆದದ್ದರ ಹಕ್ಕನ್ನು ಅದು ಕಿತ್ತುಕೊಳ್ಳುವುದಿಲ್ಲ. ಹಕ್ಕು ಮೊದಲು ಯಾರದ್ದಿತ್ತೋ ಅವರದ್ದೇ ಆಗಿರುತ್ತೆ, ಬಳಸಿಕೊಳ್ಳಲು ಪೈಥಾನ್ ನೋಡಿಕೊಳ್ಳುವ ಸಂಸ್ಥೆಯಾದ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್‌ಗೆ ಅನುಮತಿ ಕೊಡುತ್ತೀರಿ, ಅಷ್ಟೇ. ನಿಮ್ಮ ಪೇಮೆಂಟ್ ಕೋಡು, ಗ್ರಾಹಕರ ಮಾಹಿತಿ ಯಾವುದೂ ಇದರಲ್ಲಿ ಹೊರಗೆ ಹೋಗುತ್ತಿಲ್ಲ. ಹೋಗುತ್ತಿರುವುದು ಎಲ್‌ಸ್ಟ್ರಿಪ್ ಹೇಗೆ ಕೆಲಸ ಮಾಡುತ್ತೆ ಅನ್ನೋ ವಿವರಣೆ.

ಇದು ಮೊದಲನೇ ದೂರು. ಎರಡನೆಯದು ಇದಕ್ಕೆ ತದ್ವಿರುದ್ಧ, ಆದರೂ ಮೂಲ ನಿಮ್ಮ ಕಂಪನಿಗಳೇ.

ನಿಮ್ಮಲ್ಲಿ ಸೇರಿದವರಿಗೆ ತಿದ್ದಲು ಬಿಡುವುದಿಲ್ಲ, ಸೇರೋಕೆ ಬರುವವರಿಗೆ ಮಾತ್ರ "ಓಪನ್ ಸೋರ್ಸ್ ಕೊಡುಗೆ ಏನಿದೆ, ಲಿಂಕ್ ಕೊಡಿ" ಅಂತ, ಅಂದ್ರೆ ಪೈಥಾನ್ ಥರ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರಿಗೆ ಏನು ಮಾಡಿದ್ದೀರಿ ಅಂತ, ಅರ್ಜಿಯಲ್ಲೇ ಒಂದು ಖಾನೆ ಇಟ್ಟಿದ್ದೀರಿ. ಕೇಳೋದು ತಪ್ಪಲ್ಲ. ಆದರೆ ಆ ಲಿಂಕ್ ತೆರೆದು ಒಳಗೇನಿದೆ ಅಂತ ನೋಡುವವರು ಎಷ್ಟು ಜನ? ಎಣಿಸುತ್ತಾರೆ, ಅಷ್ಟೇ. ಇದು ಕಾಲೇಜುಗಳಿಗೆ ಗೊತ್ತಾಗಿದೆ, ವಿಡಿಯೋ ಮಾಡುವವರಿಗೆ ಇನ್ನೂ ಮೊದಲೇ ಗೊತ್ತಾಗಿದೆ. ಹೇಗಾದರೂ ಒಂದು ಪುಲ್ ರಿಕ್ವೆಸ್ಟ್ (ನಾನು ತಿದ್ದಿದ್ದನ್ನು ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಹಾಕಬೇಕು, ಕೋಡ್ ಬದಲಿಸೋದು ಕಷ್ಟ, ಹಾಗಾಗಿ ಡಾಕ್ಸ್ ಹಿಡಿಯುತ್ತಾರೆ. 2020ರ ಅಕ್ಟೋಬರ್‌ನಲ್ಲಿ, ಇಷ್ಟು ಪುಲ್ ರಿಕ್ವೆಸ್ಟ್ ಹಾಕಿದರೆ ಬಹುಮಾನ ಅನ್ನುವ ಹ್ಯಾಕ್ಟೋಬರ್‌ಫೆಸ್ಟ್ ಅಭಿಯಾನದ ಟೀ ಶರ್ಟಿಗಾಗಿ ಎಷ್ಟು ಕಸ ಬಂದು ಬಿತ್ತು ಅಂದ್ರೆ, ನಡೆಸುತ್ತಿದ್ದ ಡಿಜಿಟಲ್ ಓಷನ್ ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಿತು. ಒಪ್ಪಿಗೆ ಕೊಟ್ಟ ಪ್ರಾಜೆಕ್ಟ್‌ಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಅಂತ ಮಾಡಬೇಕಾಯಿತು. 2024ರಲ್ಲಿ ಎಕ್ಸ್‌ಪ್ರೆಸ್ ಅನ್ನೋ ಓಪನ್ ಸೋರ್ಸ್ ಪ್ರಾಜೆಕ್ಟಿನ ಪರಿಚಯದ ಫೈಲಾದ ರೀಡ್‌ಮಿಯಲ್ಲಿ ವಿದ್ಯಾರ್ಥಿಗಳು ತಮ್ಮ ಹೆಸರು ಸೇರಿಸಿ ಸಾಲುಸಾಲಾಗಿ ಕಳಿಸಿದರು, ಪಾಠದ ವಿಡಿಯೋದಲ್ಲಿ ಹಾಗೆ ತೋರಿಸಿದ್ದರು ಅಂತ. ಎರಡೂ ಸಲ ನಮ್ಮ ದೇಶದ ಹೆಸರು ಚೆನ್ನಾಗಿಯೇ ಕೆಟ್ಟಿತು.

ಪೈಥಾನ್ ಡಾಕ್ಸ್‌ಗೂ ಇಂಥವು ಬರುತ್ತವೆ. ಸರಿಯಾಗಿದ್ದ ವಾಕ್ಯದಲ್ಲಿ ಒಂದು ಅಲ್ಪವಿರಾಮ ಸೇರಿಸಿರುತ್ತಾರೆ. ಈಚೆಗೆ ಎಐ ಬರೆದುಕೊಟ್ಟ ಉದ್ದುದ್ದ ಪ್ಯಾರಾಗಳು ಬರುತ್ತವೆ, ನೋಡೋಕೆ ನೀಟಾಗಿರುತ್ತವೆ, ಆದರೆ ಆ ಫಂಕ್ಷನ್‌ಗೆ ಇಲ್ಲವೇ ಇಲ್ಲದ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಒಂದನ್ನು ಇದೆ ಅಂತ ಬರೆದಿರುತ್ತೆ. ಅದನ್ನು ಓದಿ, ಓಡಿಸಿ ನೋಡಿ, ಹುಡುಗರ ಮನಸ್ಸಿಗೆ ನೋವಾಗದ ಹಾಗೆ ಬೇಡ ಅನ್ನಬೇಕು. ಮದುವೆ ಮನೆಯಲ್ಲಿ ಪಂಕ್ತಿ ಮಧ್ಯೆ ನಿಂತು ಫೋಟೋ ತೆಗೆಸಿಕೊಂಡು ಬಡಿಸುವವರ ಕಾಲಿಗೆ ಅಡ್ಡ ಬಂದ ಹಾಗಾಗುತ್ತೆ. ಹುಡುಗರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಕೆಲಸ ಬೇಕು ಅವರಿಗೆ, ಪಾಪ. ನೀವು ಏನನ್ನು ಎಣಿಸುತ್ತೀರೋ ಅದನ್ನು ಅವರು ತಯಾರು ಮಾಡುತ್ತಾರೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ನನಗೆ ಗೊತ್ತು. ಈಗ ಯಾರ್ರೀ ಡಾಕ್ಸ್ ಓದ್ತಾರೆ, ಎಲ್ಲರೂ ಎಐ ಕೇಳ್ತಾರೆ, ಅಲ್ವಾ? ಕೇಳಲಿ, ನಾನೂ ಕೇಳುತ್ತೇನೆ. ಆದರೆ ಅದು ಕಲಿತದ್ದು ಎಲ್ಲಿಂದ? ಎಷ್ಟೋ ಪ್ರಾಜೆಕ್ಟ್‌ಗಳ ಡಾಕ್ಸ್‌ಗೆ ಜಾಗ ಕೊಟ್ಟಿರುವ ರೀಡ್ ದ ಡಾಕ್ಸ್ 2024ರಲ್ಲಿ ತನ್ನ ಲೆಕ್ಕ ಹೊರಗಿಟ್ಟಿತು. ಎಐ ಕಂಪನಿಗಳಿಗಾಗಿ ಪುಟ ಬಾಚುವ ಒಂದೇ ಒಂದು ಕ್ರಾಲರ್ ಆ ವರ್ಷದ ಮೇ ತಿಂಗಳಲ್ಲಿ 73 ಟೆರಾಬೈಟ್ ಡೌನ್‌ಲೋಡ್ ಮಾಡಿತ್ತು, ಒಂದೇ ದಿನ ಸುಮಾರು 10 ಟೆರಾಬೈಟ್. ಅದರ ಬ್ಯಾಂಡ್‌ವಿಡ್ತ್ ಖರ್ಚು 5,000 ಡಾಲರ್‌ಗೂ ಜಾಸ್ತಿ. ಯಾರೂ ಓದಲ್ಲ ಅನ್ನುವ ಪುಟಗಳನ್ನು ಅಷ್ಟು ಸಲ ಬಾಚಿಕೊಂಡು ಹೋಗುತ್ತಾರಾ? ಇನ್ನೊಂದು ಮಾತು. ಇವತ್ತಿಗೂ ಎಐ ಕೊಡುವ ಕೋಡಿನಲ್ಲಿ ಯುಟಿಸಿನೌ ಕಾಣಿಸಿಕೊಳ್ಳುತ್ತೆ, ಹಳೇ ಕೋಡ್ ಅಷ್ಟು ಬಿದ್ದಿದೆ ಹೊರಗೆ. ಅದು ಹಳೆಯದು, ಬೇಡ ಅಂತ ಹೇಳುವ ಜಾಗ ಡಾಕ್ಸ್. ಆ ಜಾಗವೂ ಹಳತಾಗಿಬಿಟ್ಟರೆ ಸರಿ ಯಾವುದು ಅಂತ ಯಾರನ್ನು ಕೇಳುತ್ತೀರಿ?

ಹಣ ಕೊಡುತ್ತೇವೆ, ಸುಮ್ನಿರಿ ಅನ್ನುವವರೂ ಇದ್ದಾರೆ. ಕೊಡಿ, ಬೇಡ ಅನ್ನಲ್ಲ. ನಮ್ಮೂರಿನ ಷೇರು ವಹಿವಾಟಿನ ಕಂಪನಿ ಜೆರೋಧಾ 2024ರ ಅಕ್ಟೋಬರ್‌ನಲ್ಲಿ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು, ಮೆಚ್ಚಬೇಕಾದ ಕೆಲಸ. 2021ರಿಂದ ಪೈಥಾನ್ ಫೌಂಡೇಶನ್ ಕೂಡ ಪ್ರಾಯೋಜಕರ ಹಣದಲ್ಲಿ ಸಂಬಳಕ್ಕೆ ಡೆವಲಪರ್ ಇಟ್ಟುಕೊಂಡಿದೆ. ಆದರೆ ಚೆಕ್ ಬಂದು ಪುಲ್ ರಿಕ್ವೆಸ್ಟ್ ಓದುವುದಿಲ್ಲ. ಡೇಟ್‌ಟೈಮ್ ಬಳಸಿ ಏಟು ತಿಂದವರು ಓದಬೇಕು, ಅವರು ನಿಮ್ಮ ಹತ್ತಿರ ಇದ್ದಾರೆ.

ನಮ್ಮೂರು ಈ ವಿಷಯದಲ್ಲಿ ಹೊಸದೇನಲ್ಲ. ಬೆಂಗಳೂರಿನ ಪೈಥಾನ್ ಬಳಗ ಬ್ಯಾಂಗ್‌ಪೈಪರ್ಸ್ 2005ರಿಂದ ಇದೆ. ದೇಶದ ಪೈಥಾನ್ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲ ಸಲ 2009ರಲ್ಲಿ ನಡೆದದ್ದು ನಮ್ಮ ಐಐಎಸ್‌ಸಿಯಲ್ಲಿ. ಅಂಥ ಸಮ್ಮೇಳನಗಳಲ್ಲಿ ನಿಮ್ಮ ಕಂಪನಿಗಳ ಮಳಿಗೆ ಇರುತ್ತೆ, ಬ್ಯಾಗು ಬಾಟಲಿ ಹಂಚುತ್ತೀರಿ, ನನ್ನ ಮನೆಯಲ್ಲೂ ಒಂದಷ್ಟು ಇವೆ. ಅದೇ ಸಮ್ಮೇಳನದ ಕೊನೆಗೆ ಎಲ್ಲರೂ ಕೂತು ಪ್ರಾಜೆಕ್ಟ್‌ಗಳ ಕೆಲಸ ಮಾಡುವ ಸ್ಪ್ರಿಂಟ್ ಇರುತ್ತಲ್ಲ, ಅಲ್ಲಿಗೆ ನಿಮ್ಮ ಕಡೆಯಿಂದ ಬರುವವರು ರಜೆ ಹಾಕಿಕೊಂಡು ಬರುತ್ತಾರೆ. ಮಳಿಗೆಯಲ್ಲಿ ನಿಲ್ಲುವುದು ಡ್ಯೂಟಿ, ಡಾಕ್ಸ್ ತಿದ್ದುವುದು ರಜೆ. ಇದು ಯಾವ ನ್ಯಾಯ?

ಹಾಗಾದರೆ ಏನು ಮಾಡಬೇಕು ಅಂತ ಕೇಳಿದರೆ, ಮೊದಲು ಆ ಬೀಗ ತೆಗೆಯಿರಿ. ಓಪನ್ ಸೋರ್ಸ್ ಡಾಕ್ಸ್ ತಿದ್ದುವುದಕ್ಕೆ ಪ್ರತಿ ಸಲ ಅನುಮತಿ ಕೇಳಬೇಕಾಗಿಲ್ಲ ಅಂತ ಒಂದು ಶಾಶ್ವತ ಅನುಮತಿ, ಅರ್ಧ ಪುಟದ್ದು, ಎಲ್ಲರಿಗೂ ಕಾಣುವ ಹಾಗೆ ಹಾಕಿ. ಆಮೇಲೆ ಕೆಲಸದ ವೇಳೆಯಲ್ಲೇ ಸಮಯ ಕೊಡಿ. ತಿಂಗಳಿಗೆ ಒಂದು ಶುಕ್ರವಾರ ಮಧ್ಯಾಹ್ನ ಸಾಕು, ಆದರೆ ರಿಲೀಸ್ ಇದೆ ಅಂತ ಅದನ್ನು ನುಂಗಬೇಡಿ. ಮತ್ತು ಅಪ್ರೈಸಲ್‌ನಲ್ಲಿ ಬರೆದುಕೊಳ್ಳಲು ಬಿಡಿ. ಬೇರೆಯವರು ಬರೆದದ್ದನ್ನು ರಿವ್ಯೂ ಮಾಡಿದರೂ ಅದು ಕೆಲಸವೇ. ನಿಜ ಹೇಳಬೇಕು ಅಂದ್ರೆ ನಮಗೆ ಹೊಸ ಸಾಲು ಬರೆಯುವವರಿಗಿಂತ ಬಂದದ್ದನ್ನು ಓದುವವರು ಬೇಕಾಗಿದ್ದಾರೆ. ಕ್ಯಾಂಪಸ್‌ಗೆ ಹೋದಾಗ ಪುಲ್ ರಿಕ್ವೆಸ್ಟ್ ಎಣಿಸುವುದು ಬಿಟ್ಟು ಒಂದನ್ನು ತೆರೆದು, ಇದನ್ನು ಯಾಕೆ ಬದಲಿಸಿದೆ ಅಂತ ಆ ಹುಡುಗಿಯನ್ನೋ ಹುಡುಗನನ್ನೋ ಕೇಳಿ. ಎರಡು ನಿಮಿಷದಲ್ಲಿ ಗೊತ್ತಾಗುತ್ತೆ.

ಕನ್ನಡದ ಬಗ್ಗೆಯೂ ಹೇಳಿಬಿಡುತ್ತೇನೆ. ಪೈಥಾನ್ ಡಾಕ್ಸ್ ಪುಟದ ಮೇಲ್ಗಡೆ ಭಾಷೆ ಆರಿಸಿಕೊಳ್ಳುವ ಪಟ್ಟಿ ಇದೆ. ಜಪಾನಿ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್, ಟರ್ಕಿಶ್ ಎಲ್ಲ ಇವೆ. ಕನ್ನಡ ಇಲ್ಲ. ಯಾರೂ ತಡೆದಿಲ್ಲ, 2017ರಲ್ಲೇ ಇದಕ್ಕೆ ನಿಯಮ ಆಗಿದೆ. ದೋಷ ತಿಳಿಸುವ ಪುಟ, ಟ್ಯುಟೋರಿಯಲ್, ಬಿಲ್ಟ್ ಇನ್ ಫಂಕ್ಷನ್‌ಗಳ ಪುಟ, ಇಷ್ಟು ಪೂರ್ತಿ ಅನುವಾದ ಆದರೆ ಆ ಭಾಷೆಯನ್ನು ಪಟ್ಟಿಗೆ ಸೇರಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾಗೆ ಬಂದ ಮಕ್ಕಳು ಟ್ಯುಟೋರಿಯಲ್ ಪುಟದ ಮುಂದೆ ಕೂತು ಕೋಡಿಗಿಂತ ಜಾಸ್ತಿ ಇಂಗ್ಲಿಷ್ ಜೊತೆ ಗುದ್ದಾಡುವುದನ್ನು ನಾನು ಪಾಠ ಹೇಳಿಕೊಡುವಾಗ ನೋಡಿದ್ದೇನೆ. ಒಬ್ಬಿಬ್ಬರು ರಾತ್ರಿ ಕೂತು ಮಾಡಿದರೆ ಇದು ಮುಗಿಯುವುದಿಲ್ಲ. ಮುಗಿಸಿದರೂ ಮುಂದಿನ ಅಕ್ಟೋಬರ್‌ಗೆ ಮೂಲ ಬದಲಾಗಿರುತ್ತೆ, ಮತ್ತೆ ಹಿಂದೆ ಬೀಳುತ್ತೇವೆ. ನಿಮ್ಮ ಐದಾರು ಕಂಪನಿಗಳಿಂದ ಕನ್ನಡ ಚೆನ್ನಾಗಿ ಬರೆಯಬಲ್ಲ ಇಬ್ಬಿಬ್ಬರು ಇಂಜಿನಿಯರ್‌ಗಳಿಗೆ ಸಮಯ ಸಿಕ್ಕರೆ ಆಗುವ ಕೆಲಸ ಇದು. ನವೆಂಬರ್‌ನಲ್ಲಿ ಆಫೀಸಿನ ಲಾಬಿಯಲ್ಲಿ ಬಾವುಟ ಕಟ್ಟುತ್ತೀರಲ್ಲ, ಅದಕ್ಕಿಂತ ಜಾಸ್ತಿ ದಿನ ಉಳಿಯುತ್ತೆ.

ಯಾವಾಗ ಶುರು ಮಾಡಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಹೊಸ ಆವೃತ್ತಿಯ ಮೊದಲ ಬೀಟಾ, ಅಂದ್ರೆ ಪರೀಕ್ಷೆಗೆ ಬಿಡುವ ಪ್ರತಿ, ಬರುತ್ತದೆ. ಅಲ್ಲಿಂದ ಆಚೆಗೆ ಆ ಆವೃತ್ತಿಗೆ ಹೊಸ ಸೌಲಭ್ಯ ಸೇರಿಸುವ ಹಾಗಿಲ್ಲ. ಅಕ್ಟೋಬರ್ ತನಕ ದೋಷ ತಿದ್ದುವುದು ಮತ್ತು ಡಾಕ್ಸ್ ಸರಿ ಮಾಡುವುದು, ಅಷ್ಟೇ. ಬೀಟಾವನ್ನು ನಿಮ್ಮ ಕೋಡಿನ ಮೇಲೆ ಹೇಗಿದ್ದರೂ ಓಡಿಸಿ ನೋಡಬೇಕು. ಓಡಿಸುವಾಗ ಡಾಕ್ಸ್‌ನಲ್ಲಿ ಏನು ಅರ್ಥ ಆಗಲಿಲ್ಲ ಅಂತ ಬರೆದುಕೊಳ್ಳುವ ನಿಮ್ಮ ಇಂಜಿನಿಯರ್, ಅದನ್ನು ಒಳಗಿನ ವಿಕಿಯಲ್ಲಿ ಹಾಕುವ ಬದಲು ಹೊರಗೆ ಕಳಿಸುವ ಹಾಗಾಗಲಿ. ಲೀಗಲ್ ಟೀಮಿನ ಆ ಅರ್ಧ ಪುಟ ಏಪ್ರಿಲ್ ಒಳಗೆ ಆದರೆ ಅನುಕೂಲ. ಬಂದವರಿಗೆ ಮೊದಲ ಕೆಲವು ಸಲ ಜೊತೆಗೆ ಕೂತು ಹೇಳಿಕೊಡಲು ನಾನು ಮತ್ತು ನನ್ನಂಥ ಇನ್ನೂ ಕೆಲವರು ಸಿದ್ಧ ಇದ್ದೇವೆ. ನಿಮ್ಮ ಆಫೀಸಿಗೇ ಬರುತ್ತೇವೆ, ಪಾಸ್ ಮಾಡಿಸಿ ಗೇಟ್‌ನಲ್ಲಿ ಇಟ್ಟಿರಿ.

ಇಂತಿ ನಿಮ್ಮ,
ಪೈಥಾನ್ ಡಾಕ್ಸ್ ತಿದ್ದುವವರಲ್ಲಿ ಒಬ್ಬ,
ಬೆಂಗಳೂರು